ಬೀಡು, ಬಿಡಾರ, ಮನೆ: ವಡಪಳನಿಯ ಕನ್ನಡ ಸಂಸಾರಗಳು

ವಡಪಳನಿ ಎಂಬ ಹೆಸರನ್ನು ನಮ್ಮ ತಲೆಮಾರಿನ ಕನ್ನಡದ ಮಕ್ಕಳು ಮೊದಲು ಕಂಡದ್ದು ಭೂಪಟದಲ್ಲಲ್ಲ, 'ಚಂದಮಾಮ'ದ ಪುಟದಲ್ಲಿ. ವಿಕ್ರಮ ಬೇತಾಳರ ಕಥೆ ಮುಗಿದು, ಫೋಟೊ ವ್ಯಾಖ್ಯೆಯ ಸ್ಪರ್ಧೆಯ ಪುಟ ತಿರುವಿದರೆ, ಸಣ್ಣ ಅಕ್ಷರಗಳಲ್ಲಿ ಒಂದು ವಿಳಾಸ: ಚಂದಮಾಮ ಬಿಲ್ಡಿಂಗ್ಸ್, ವಡಪಳನಿ, ಮದರಾಸು. 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹೊರಟ ಆ ಪತ್ರಿಕೆ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂದಿತು. ಅದರ ಸ್ಥಾಪಕರಾದ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಅದೇ ಆವರಣದ ಸುತ್ತ ಚಿತ್ರಗಳನ್ನೂ ನಿರ್ಮಿಸುತ್ತಿದ್ದರು. ತೀರ್ಥಹಳ್ಳಿಯ ಹುಡುಗನಿಗೂ ಗದಗಿನ ಹುಡುಗಿಗೂ ಕಥೆಗಳು ಹುಟ್ಟುವ ಊರು ಎಂದರೆ ವಡಪಳನಿಯೇ. ಆ ಊರಿನಲ್ಲಿ ಕನ್ನಡದ ಸಂಸಾರಗಳೂ ಹುಟ್ಟಿ ಬೆಳೆದವು ಎಂಬುದರ ಕಡೆಗೆ ನಮ್ಮ ಗಮನ ಹೋದದ್ದು ಕಡಿಮೆ.

ಕನ್ನಡ ಚಿತ್ರರಂಗದ ಚರಿತ್ರೆಯನ್ನು ನಾವು ಚಿತ್ರಗಳ ಪಟ್ಟಿಯಾಗಿ ಬರೆದಿದ್ದೇವೆ: ನಿರ್ಮಾಪಕರು, ನಿರ್ದೇಶಕರು, ಬಿಡುಗಡೆಯ ತಾರೀಖುಗಳು. ಆ ಚಿತ್ರಗಳಿಗೆ ದುಡಿದವರು ಸಂಜೆ ಯಾವ ಬಾಗಿಲಿಗೆ ಮರಳಿದರು, ಆ ಬಾಗಿಲನ್ನು ತೆರೆದವರು ಯಾರು ಎಂಬ ಪ್ರಶ್ನೆ ಆ ಪಟ್ಟಿಯ ಹೊರಗೇ ಉಳಿದಿದೆ. ಬರಹಗಾರ್ತಿಗೆ ಬೇಕಾದದ್ದು ಪ್ರತಿಭೆಯೊಂದೇ ಅಲ್ಲ, ಒಂದು ಕೋಣೆಯೂ ಒಂದಿಷ್ಟು ವರಮಾನವೂ ಎಂದು ವರ್ಜೀನಿಯಾ ವುಲ್ಫ್ 1929ರಲ್ಲಿ ವಾದಿಸಿದ್ದು ನಮ್ಮ ಇಂಗ್ಲಿಷ್ ತರಗತಿಗಳ ಪಾಠವಾಗಿತ್ತು. ಕನ್ನಡ ಚಿತ್ರರಂಗಕ್ಕೂ ಅದೇ ಅಳತೆಗೋಲನ್ನು ಹಿಡಿದರೆ, ಮದರಾಸಿನ ಬಾಡಿಗೆ ಮನೆಗಳು ಚರಿತ್ರೆಯ ಅಂಚಿನಿಂದ ನಡುಮನೆಗೆ ಬರುತ್ತವೆ.

ಇಲ್ಲಿ ಮೂರು ಪದಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ತಮಿಳಿನಲ್ಲಿ ಮನೆಗೆ 'ವೀಡು' ಎನ್ನುತ್ತಾರೆ. ತಮಿಳಿನ ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ಭಾಷಾಶಾಸ್ತ್ರದ ಪರಿಚಿತ ನಿಯಮ. ಆ ಪ್ರಕಾರ 'ವೀಡು' ಕನ್ನಡದಲ್ಲಿ 'ಬೀಡು'. ಆದರೆ ನಮ್ಮ ಶಾಸನಗಳ ಬೀಡು ಎಂದರೆ ಅರಸನೂ ಸೇನೆಯೂ ತಂಗಿದ ಜಾಗ. ಬಿಡಾರವಂತೂ ಇಂದಿಗೂ ತಾತ್ಕಾಲಿಕವೇ. ನಮ್ಮ ಸ್ಥಿರವಾದ ಪದ 'ಮನೆ'. ತಮಿಳಿನಲ್ಲಿಯೂ 'ಮನೈ' ಉಂಟು. ಇಂದಿನ ಬಳಕೆಯಲ್ಲಿ ಅದು ಹೆಚ್ಚಾಗಿ ನಿವೇಶನಕ್ಕೆ ಸಲ್ಲುತ್ತದೆ. ಆದರೆ ಹೆಂಡತಿಗೆ ಅಲ್ಲಿ 'ಮನೈವಿ' ಎನ್ನುತ್ತಾರೆ, ಮನೆಯುಳ್ಳವಳು ಎಂಬ ಅರ್ಥದಲ್ಲಿ. ಕನ್ನಡಿಗರ ಬಿಡಾರ ವಡಪಳನಿಯಲ್ಲಿ ಮನೆಯಾದ ಬಗೆಯನ್ನು ಈ ಪದಗಳೇ ಅರ್ಧ ಹೇಳಿಬಿಡುತ್ತವೆ.

ಬಿಡಾರದ ಬದುಕು ನಮ್ಮ ನಾಟಕ ಕಂಪನಿಗಳದ್ದು. ಗುಬ್ಬಿ ವೀರಣ್ಣನವರ ಕಂಪನಿಯಾಗಲಿ ಇನ್ನೊಂದಾಗಲಿ, ಊರಿಂದೂರಿಗೆ ಕ್ಯಾಂಪು ಹಾಕುತ್ತಿತ್ತು. ಕಲಾವಿದರು ಸಂಸಾರ ಸಮೇತ ಕಂಪನಿಯ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಅಡುಗೆ ಒಂದೇ ಒಲೆಯದು, ಪಂಕ್ತಿ ಎಲ್ಲರದು. ಮಕ್ಕಳು ಪರದೆಯ ಹಿಂದೆಯೇ ನಿದ್ರಿಸಿ, ವಯಸ್ಸಾಗುವ ಮೊದಲೇ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಅಲ್ಲಿ ಗಂಡ ಹೆಂಡಿರಿಗೆ ತಮ್ಮದೇ ಎಂಬ ಹೊಸ್ತಿಲಿರಲಿಲ್ಲ. ಅದೇ ಕಾಲದಲ್ಲಿ ದಕ್ಷಿಣ ಕನ್ನಡದಿಂದ ಮದರಾಸಿಗೆ ಬಂದ ಹೋಟೆಲು ಹುಡುಗರದ್ದೂ ಬಿಡಾರವೇ. ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಅಂತಹ ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ಊಟವೂ ಅಲ್ಲೇ, ಚಾಪೆಯೂ ಅಲ್ಲೇ, ಸಂಸಾರ ಊರಿನಲ್ಲಿ.

ಸಿನಿಮಾ ಕೂಡ ಮೊದಲು ಅಲೆಮಾರಿಯಾಗಿಯೇ ಇತ್ತು. ಕನ್ನಡದ ಮೊದಲ ವಾಕ್ಚಿತ್ರಗಳಲ್ಲಿ ಒಂದಾದ 'ಸತಿ ಸುಲೋಚನ' 1934ರಲ್ಲಿ ತೆರೆಗೆ ಬಂದಾಗ ಅದರ ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಅದರಲ್ಲಿ ಇಂದ್ರಜಿತುವಾಗಿ ನಟಿಸಿದ ಎಂ.ವಿ. ಸುಬ್ಬಯ್ಯ ನಾಯ್ಡು, ಅವರ ಪತ್ನಿ ಲಕ್ಷ್ಮೀಬಾಯಿ, ರಾವಣನಾದ ಆರ್. ನಾಗೇಂದ್ರರಾಯರು, ಎಲ್ಲರೂ ರಂಗಭೂಮಿಯವರು. ಇವರ ಮತ್ತು ಎ.ವಿ. ಮೇಯಪ್ಪನ್ ಅವರ ನಂಟು ಎ.ವಿ.ಎಂ. ಎಂಬ ಹೆಸರಿಗಿಂತ ಹಳೆಯದು. 1940ರ ತೆಲುಗು 'ಭೂಕೈಲಾಸ'ದಲ್ಲಿ ಕನ್ನಡ ನಾಟಕದ ಈ ನಟರೇ ಇದ್ದರು. 1943ರ ಕನ್ನಡ 'ಹರಿಶ್ಚಂದ್ರ' ತಮಿಳಿಗೆ ಧ್ವನಿ ಬದಲಾಯಿಸಿಕೊಂಡು ಹೋಯಿತು. ಯುದ್ಧಕಾಲದ ಮದರಾಸನ್ನು ಬಿಟ್ಟು ಕಾರೈಕುಡಿಯಲ್ಲಿ ನೆಲೆಸಿದ್ದ ಮೇಯಪ್ಪನ್ ಸ್ಟುಡಿಯೊವನ್ನು 1948ರಲ್ಲಿ ಕೋಡಂಬಾಕ್ಕಂ–ವಡಪಳನಿಯ ಆರ್ಕಾಟು ರಸ್ತೆಗೆ ತಂದರು. ವಾಹಿನಿ ಮತ್ತು ವಿಜಯಾ ಸಮೀಪದಲ್ಲೇ. ಕ್ಯಾಂಪು ಎತ್ತುವ ಕಸುಬಿಗೆ ಈಗ ಒಂದು ಸ್ಥಿರ ವಿಳಾಸ ಬಂದಿತ್ತು. ನಾಟಕ ಊರಿಗೆ ಹೋಗುತ್ತದೆ; ಸ್ಟುಡಿಯೊ ಕದಲುವುದಿಲ್ಲ. ಬೆಳಗಿನ ಕಾಲ್‌ಶೀಟಿಗೆ ಮುಖಕ್ಕೆ ಬಣ್ಣ ಹಚ್ಚಿ ಕೂರಬೇಕಾದವನು ಅದರ ಹತ್ತಿರವೇ ಮನೆ ಹುಡುಕಬೇಕು. ಕೋಡಂಬಾಕ್ಕಂ, ವಡಪಳನಿ, ತ್ಯಾಗರಾಯನಗರದ ಬೀದಿಗಳಲ್ಲಿ ಬಾಡಿಗೆ ಮನೆ ಕೇಳಿಕೊಂಡು ಕನ್ನಡದ ದಂಪತಿಗಳು ಬರತೊಡಗಿದ್ದು ಹೀಗೆ.

ಈ ದಂಪತಿಗಳ ಪೈಕಿ ಎಲ್ಲರೂ ಬಲ್ಲ ಜೋಡಿ ಒಂದು. ಗುಬ್ಬಿ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್ ಹುಟ್ಟಿದ್ದು ಗಾಜನೂರಿನಲ್ಲಿ, 1929ರ ಏಪ್ರಿಲ್ 24ರಂದು. ಆ ಊರು ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಇಂದು ತಮಿಳುನಾಡಿನ ತಾಳವಾಡಿ ಭಾಗದಲ್ಲಿದೆ. ಅಂದರೆ ಮದರಾಸಿಗೆ ಹೋದ ಮುತ್ತುರಾಜ್ ಪರದೇಶಕ್ಕೆ ಹೋಗಲಿಲ್ಲ, ಹುಟ್ಟಿದ ಪ್ರಾಂತ್ಯದ ರಾಜಧಾನಿಗೇ ಹೋದರು. 1953ರ ಜೂನ್ 25ರಂದು ಸಾಲಿಗ್ರಾಮದ ಪಾರ್ವತಮ್ಮನವರೊಡನೆ ಅವರ ವಿವಾಹವಾಯಿತು. ವಧು 1939ರ ಡಿಸೆಂಬರ್ 6ರಂದು ಹುಟ್ಟಿದವರು. ಮದುವೆಯ ದಿನ ಹದಿನಾಲ್ಕು ಇನ್ನೂ ತುಂಬಿರಲಿಲ್ಲ. ಇಂದು ನಾವು ಇದನ್ನು ಬಾಲ್ಯವಿವಾಹವೆಂದೇ ಕರೆಯುತ್ತೇವೆ, ಕರೆಯಬೇಕು ಕೂಡ. 1954ರ ಮೇ ತಿಂಗಳಲ್ಲಿ ಗುಬ್ಬಿಯವರ ಸಂಸ್ಥೆ ಎ.ವಿ.ಎಂ. ಸಹಯೋಗದಲ್ಲಿ ತಯಾರಿಸಿದ, ಎಚ್.ಎಲ್.ಎನ್. ಸಿಂಹ ನಿರ್ದೇಶನದ 'ಬೇಡರ ಕಣ್ಣಪ್ಪ' ತೆರೆಕಂಡಿತು. ಮುತ್ತುರಾಜ್ ರಾಜಕುಮಾರ್ ಆದರು. ಮದುವೆಗೂ ಬಿಡುಗಡೆಗೂ ನಡುವೆ ಇರುವುದು ಒಂದೇ ಡಿಸೆಂಬರು. ಗಂಡ ಹೊಸ ಹೆಸರಿನ ಅಂಚಿನಲ್ಲಿ, ಹೆಂಡತಿಗೆ ಆಗತಾನೆ ಹದಿನಾಲ್ಕು. ಹೊಸ ಸಂಸಾರದ ಮೊದಲ ಚಳಿಗಾಲ. ಚಿತ್ರಚರಿತ್ರೆ ಆ ಎರಡು ತಾರೀಖುಗಳಲ್ಲಿ ಒಂದನ್ನು ದೊಡ್ಡಕ್ಷರದಲ್ಲಿ ಬರೆದು, ಇನ್ನೊಂದನ್ನು ಜೀವನಚರಿತ್ರೆಗೆ ಬಿಟ್ಟಿತು.

ಒಂದು ಕಾಕತಾಳೀಯವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ವಡಪಳನಿಗೆ ಅಂಟಿಕೊಂಡಿರುವ ಬಡಾವಣೆಯ ಹೆಸರು ಸಾಲಿಗ್ರಾಮಂ. ಕಾವೇರಿ ಸೀಮೆಯ ಸಾಲಿಗ್ರಾಮದ ಹುಡುಗಿಯೊಬ್ಬಳು ತನ್ನ ಊರಿನ ಹೆಸರನ್ನೇ ಹೊತ್ತ ಬೀದಿಗಳ ಪಕ್ಕಕ್ಕೆ ಬಂದು, ರಾಗಿಹಿಟ್ಟು ಎಲ್ಲಿ ಸಿಗುತ್ತದೆಂದು ಹೊಸ ಭಾಷೆಯಲ್ಲಿ ಕೇಳಬೇಕಾಗಿ ಬಂದದ್ದನ್ನು ಊಹಿಸಿಕೊಳ್ಳಬಹುದು. ಮಕ್ಕಳು ಮದರಾಸಿನಲ್ಲೇ ಹುಟ್ಟಿದರು: ಶಿವರಾಜಕುಮಾರ್ 1962ರಲ್ಲಿ, ಪುನೀತ್ 1975ರಲ್ಲಿ. ಪಾರ್ವತಮ್ಮನವರು ನಿರ್ಮಿಸಿದ 'ತ್ರಿಮೂರ್ತಿ' ತೆರೆಗೆ ಬಂದದ್ದೂ ಅದೇ 1975ರಲ್ಲಿ. ಕಥೆ ಆಯುವುದು, ಕಲಾವಿದರನ್ನು ಗುರುತಿಸುವುದು, ದುಡ್ಡಿನ ಲೆಕ್ಕ ಇಡುವುದು, ಇವೆಲ್ಲ ನಿರ್ಮಾಪಕರ ಕೆಲಸ. ಇಪ್ಪತ್ತು ವರ್ಷ ಪರಊರಿನಲ್ಲಿ, ತಿಂಗಳ ವರಮಾನದ ಭರವಸೆಯಿಲ್ಲದ ಕಸುಬಿನಲ್ಲಿ ಮನೆ ನಡೆಸಿದವರಿಗೆ ಅದಕ್ಕಿಂತ ಒಳ್ಳೆಯ ತರಬೇತಿ ಯಾವ ಶಾಲೆ ಕೊಡಬಲ್ಲದು?

ಮನೆ ಕಸುಬಿನ ಶಾಲೆಯಾದದ್ದಕ್ಕೆ ಇದೊಂದೇ ನಿದರ್ಶನವಲ್ಲ. ನಾಗೇಂದ್ರರಾಯರ ಮಕ್ಕಳನ್ನು ನೋಡಿ: ಆರ್.ಎನ್. ಜಯಗೋಪಾಲ್ ಗೀತರಚನೆಕಾರರು, ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರು, ಆರ್.ಎನ್. ಸುದರ್ಶನ್ ನಟರು, ಸುದರ್ಶನ್ ಮದುವೆಯಾದದ್ದು ನಟಿ ಶೈಲಶ್ರೀಯವರನ್ನು. ಕಂಪನಿಯ ಪಂಕ್ತಿಯಲ್ಲಿ ಹಂಚಿಹೋಗಿದ್ದ ವಿದ್ಯೆ ಇಲ್ಲಿ ಒಂದೇ ಸೂರಿನಡಿ ತಂದೆಯಿಂದ ಮಕ್ಕಳಿಗೆ ಇಳಿಯಿತು. ಇನ್ನು ಕೆಲಸ ತೆಳುವಾದಾಗ ಬಾಡಿಗೆ ನಿಲ್ಲುವುದಿಲ್ಲವಲ್ಲ. ರಾಜಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ, ಈ ನಾಲ್ವರು ಸೇರಿ ಕಲಾವಿದರ ಸಂಘ ಕಟ್ಟಿ, ಕರ್ನಾಟಕದ ಊರುಗಳಲ್ಲಿ ಮತ್ತೆ ನಾಟಕವಾಡಿ, 1960ರಲ್ಲಿ 'ರಣಧೀರ ಕಂಠೀರವ'ವನ್ನು ತಾವೇ ನಿರ್ಮಿಸಿದರು. ನಾಡಿನ ಸ್ವಾಭಿಮಾನದ ಚಿತ್ರವೆಂದು ಅದನ್ನು ನಾವು ಕೊಂಡಾಡುತ್ತೇವೆ, ಕೊಂಡಾಡತಕ್ಕದ್ದೇ. ಅದರ ಹಿಂದೆ ಪರಊರಿನಲ್ಲಿ ಒಲೆ ಆರದಂತೆ ನೋಡಿಕೊಳ್ಳಬೇಕಾದ ನಾಲ್ಕು ಸಂಸಾರಗಳಿದ್ದವೆಂಬುದನ್ನೂ ಸೇರಿಸಿಕೊಂಡರೆ ಆ ಸ್ವಾಭಿಮಾನದ ತೂಕ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಹೊಸ ಮನೆಗೆ ಹೋಗುವುದಕ್ಕೆ ಮದರಾಸಿನಲ್ಲಿ ಪಂಚಾಂಗದ ಒಂದು ಗಡುವುಂಟು. ಡಿಸೆಂಬರ್ ನಡುವಿಗೆ ಮಾರ್ಗಳಿ ಮಾಸ, ನಮ್ಮ ಧನುರ್ಮಾಸ, ಆರಂಭವಾಗುತ್ತದೆ. ಅದು ದೇವರಿಗೆ ಮೀಸಲಾದ ತಿಂಗಳು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಬಾಡಿಗೆ ಮನೆ ಬದಲಾಯಿಸುವವರೂ ಹಿಂಜರಿಯುತ್ತಾರೆ. ಕಾರ್ತಿಕದ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಸಾಮಾನು ಸಾಗಿಸಿ ಹಾಲುಕ್ಕಿಸಿಬಿಡಬೇಕು. ತಪ್ಪಿದರೆ ಸಂಕ್ರಾಂತಿಯ ತನಕ ಕಾಯಬೇಕು. ಕ್ರೈಸ್ತ ಸಂಸಾರಗಳಿಗೂ ಗಡುವು ಹೆಚ್ಚುಕಡಿಮೆ ಅದೇ. ಕ್ರಿಸ್ಮಸ್ಸಿಗೆ ಮುನ್ನ ಹೊಸ ಮನೆಗೆ ಸುಣ್ಣ ಬಳಿದು, ಬಾಗಿಲಿಗೆ ಕಾಗದದ ನಕ್ಷತ್ರ ತೂಗುಹಾಕಬೇಕು. ಮಂಗಳೂರಿನ ಕಡೆಯಿಂದ ಬಂದ ಕಥೋಲಿಕ ದಂಪತಿಗಳಾದರೆ ಗೋದಲಿ ಕಟ್ಟಬೇಕು, ಕುಸ್ವಾರಿನ ತಟ್ಟೆಯನ್ನು ನೆರೆಮನೆಗೆ ಕಳುಹಿಸಬೇಕು. ಬೆಳಗಿನ ಜಾವ ಒಂದು ಬಾಗಿಲಲ್ಲಿ ಮಾರ್ಗಳಿಯ ದೊಡ್ಡ ರಂಗೋಲಿ, ಪಕ್ಕದ ಬಾಗಿಲಲ್ಲಿ ನಕ್ಷತ್ರ, ದೂರದಲ್ಲಿ ಮುರುಗನ ಗುಡಿಯ ಗಂಟೆ. ಹೊಸದಾಗಿ ಬಂದ ಸೊಸೆ ಊರನ್ನು ಅರಿತದ್ದು ಪುಸ್ತಕದಿಂದಲ್ಲ, ಈ ಬಾಗಿಲುಗಳಿಂದ. ರಂಗೋಲಿಯ ಚುಕ್ಕಿ ಎಣಿಸಲು ತಮಿಳು ಬೇಕಾಗುವುದಿಲ್ಲ. ಕಳುಹಿಸಿದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೀತಿ ಎರಡು ನಾಡಿಗೂ ಒಂದೇ.

ಆದರೆ ಡಿಸೆಂಬರುಗಳೆಲ್ಲ ಒಂದೇ ತೆರನಾಗಿರಲಿಲ್ಲ. 1991ರ ಡಿಸೆಂಬರ್ 11ರಂದು ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಬೆನ್ನಲ್ಲೇ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸಾಚಾರ ನಡೆಯಿತು. ಜೀವಗಳು ಹೋದವು, ಸಾವಿರಾರು ಜನ ಮನೆ ಬಿಟ್ಟು ಓಡಿದರು. ತಮಿಳುನಾಡಿನ ಕನ್ನಡಿಗರೂ ಆ ದಿನಗಳನ್ನು ಭಯದಲ್ಲಿ ಕಳೆದರು. ತಾನು ನೆಲೆಸಿದ ಊರು ತನ್ನದೇ ಎಂದು ನಂಬಿದ ಸಂಸಾರಕ್ಕೆ, ಅದು ಬೆಂಗಳೂರಿನ ತಮಿಳು ಸಂಸಾರವಾಗಲಿ ಮದರಾಸಿನ ಕನ್ನಡ ಸಂಸಾರವಾಗಲಿ, ಮನೆ ಒಂದು ರಾತ್ರಿಯಲ್ಲಿ ಬಿಡಾರವಾಗಿಬಿಡಬಹುದು ಎಂದು ತಿಳಿದ ತಿಂಗಳು ಅದು. ಬೆಂಗಳೂರಿನಲ್ಲಿ ಹೊದಿಕೆಯೊಳಗೇ ಉಳಿದಿದ್ದ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಅನಾವರಣಗೊಂಡು, ನಾಲ್ಕು ದಿನಗಳ ಬಳಿಕ ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ನಿಂತಿತು. ಹದಿನೆಂಟು ವರ್ಷ ಬೇಕಾಯಿತು. ಬಾಗಿಲಿಂದ ಬಾಗಿಲಿಗೆ ತಟ್ಟೆ ಮರಳಲು ಅಷ್ಟು ಕಾಲ ಬೇಕಾಗದು. ಪ್ರತಿಮೆಗಳ ಕೆಲಸವನ್ನು ಮನೆಗಳು ಮೊದಲೇ ಮಾಡಿರುತ್ತವೆ.

ಚಿತ್ರರಂಗದ ಮಂದಿ ಆ ವೇಳೆಗೆ ಬಹುಮಟ್ಟಿಗೆ ಹಿಂದಿರುಗಿದ್ದರು. ಬೆಂಗಳೂರಿನಲ್ಲಿ 1966ರಲ್ಲಿ ಕಂಠೀರವ ಸ್ಟುಡಿಯೊ ಬಂದಿತು. 1980ರ ದಶಕದಲ್ಲಿ ಶಂಕರ್ ನಾಗ್ ಅವರ ಸಂಕೇತ್ ಧ್ವನಿಮುದ್ರಣ ಶಾಲೆ ಬಂದಿತು. ಕನ್ನಡ ಚಿತ್ರ ಕನ್ನಡ ನೆಲದಲ್ಲೇ ತಯಾರಾಗಬೇಕೆಂಬ ಹಂಬಲ ನ್ಯಾಯವಾದದ್ದು. ಅದು ಈಡೇರಿದ್ದರಲ್ಲಿ ಗಳಿಕೆಯಷ್ಟೇ ಸಣ್ಣದೊಂದು ನಷ್ಟವೂ ಉಂಟು: ನಾಲ್ಕು ಭಾಷೆಗಳ ಕಲಾವಿದರು ಒಂದೇ ಓಣಿಯಲ್ಲಿ ಹಾಲು ಕೊಳ್ಳುತ್ತಿದ್ದ ನೆರೆಹೊರೆ ಚದುರಿತು.

ಇಂದಿನ ವಡಪಳನಿಯಲ್ಲಿ ವಿಜಯಾ ಸ್ಟುಡಿಯೊದ ನೆಲದ ಮೇಲೆ ಮಾಲ್ ನಿಂತಿದೆ. 2015ರ ಜೂನ್ ಕೊನೆಯಲ್ಲಿ ಚೆನ್ನೈಯ ಮೊದಲ ಮೆಟ್ರೊ ರೈಲು ಇಲ್ಲಿ ನಿಂತು ಹೋಯಿತು; ಅದೇ ವರ್ಷದ ಡಿಸೆಂಬರ್ ಆರಂಭದಲ್ಲಿ ನಗರವನ್ನು ಮುಳುಗಿಸಿದ ಮಳೆ ಎಷ್ಟೋ ಹೊಸ ಸಂಸಾರಗಳ ಹಾಸಿಗೆ ಪಾತ್ರೆಗಳನ್ನು ಕೊಚ್ಚಿಕೊಂಡು ಹೋಯಿತು. ಆದರೂ ನವೆಂಬರ್ ಬಂತೆಂದರೆ ಬಾಡಿಗೆಯ ಫಲಕಗಳ ಕೆಳಗೆ ಯುವ ದಂಪತಿಗಳು ನಿಲ್ಲುತ್ತಾರೆ. ಸಾಫ್ಟ್‌ವೇರಿನವರು, ಆಸ್ಪತ್ರೆಯಲ್ಲಿ ದುಡಿಯುವವರು, ವರ್ಗಾವಣೆಯ ಆದೇಶ ಹಿಡಿದು ಬರುವ ನಮ್ಮಂತಹ ಕೇಂದ್ರ ಸರಕಾರದ ನೌಕರರು. ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದ ಹಳೆಯ ರೂಢಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ ಮೂರು ತಿಂಗಳ ಬಾಡಿಗೆಯೇ ಮಿತಿ ಎಂದು ತಮಿಳುನಾಡಿನ 2017ರ ಕಾಯಿದೆ ಗೆರೆ ಎಳೆದಿದೆ. ಮಾರ್ಗಳಿಗೆ ಮುನ್ನ ಬನ್ನಿ ಎಂಬ ಮಾಲೀಕರ ಮಾತಿಗೆ ಯಾವ ಕಾಯಿದೆಯ ತಿದ್ದುಪಡಿಯೂ ಬೇಕಿಲ್ಲ.

ಈ ದಂಪತಿಗಳಿಗೆ ಹೇಳಬೇಕಾದ ಚರಿತ್ರೆ ಇಷ್ಟು. ನೀವು ಬಂದಿಳಿದ ಊರು ಕನ್ನಡಕ್ಕೆ ಹೊಸದಲ್ಲ. ಕಂಪನಿಯ ಪೆಟ್ಟಿಗೆ ಹೊತ್ತು ಬಂದವರು ಇಲ್ಲಿ ಮೊದಲ ಬಾರಿಗೆ ಸ್ವಂತ ಒಲೆ ಹೂಡಿದರು. ಹದಿನಾಲ್ಕರ ಹುಡುಗಿಯರು ಇಲ್ಲಿ ಗೃಹಿಣಿಯರಾದರು, ಕೆಲವರು ಗೃಹಿಣಿಯರಾಗಿ ನಿಲ್ಲದೆ ಮುಂದೆಯೂ ಹೋದರು. ಅವರ ಬೀಡು ತಮಿಳಿನ ಅರ್ಥದಲ್ಲಿ ವೀಡಾಯಿತು. ಹಾಲುಕ್ಕಿಸಲು ಪಾತ್ರೆಯಿಟ್ಟಾಗ ನೆರೆಮನೆಯವರನ್ನೂ ಕರೆಯಿರಿ. ಹಾಲು ಯಾವ ದಿಕ್ಕಿಗೆ ಉಕ್ಕಿದರೆ ಶುಭವೆಂದು ಅವರಿಗೂ ಒಂದು ನಂಬಿಕೆಯಿರುತ್ತದೆ, ಕೇಳಿ ತಿಳಿದುಕೊಳ್ಳಬಹುದು.