ಮೈಸೂರಿನ ರಾಜಗೀತೆಯೂ ಬ್ಯಾಂಡೂ

ಮೈಸೂರು ಸಂಸ್ಥಾನದ ರಾಜಗೀತೆಯಾಗಿದ್ದ 'ಕಾಯೌ ಶ್ರೀ ಗೌರಿ'ಯನ್ನು ರಚಿಸಿದವರು ಬಸವಪ್ಪಶಾಸ್ತ್ರಿಗಳು (1843–1891). 1881ರಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಸ್ಥಾನಕವಿಗಳಿವರು. ಶಾಕುಂತಲವನ್ನು ಕನ್ನಡಿಸಿ 'ಅಭಿನವ ಕಾಳಿದಾಸ'ರೆನಿಸಿದವರು. ಗೀತೆಯ ರಾಗ ಧೀರಶಂಕರಾಭರಣ. ಸ್ವರಸ್ಥಾನಗಳಲ್ಲಿ ಇದು ಪಾಶ್ಚಾತ್ಯರ ಮೇಜರ್ ಶ್ರೇಣಿಗೆ ಸಮನಾದುದರಿಂದ ಬ್ಯಾಂಡಿನವರಿಗೂ ಸುಲಭಸಾಧ್ಯ. ಆದರೆ ಹಿತ್ತಾಳೆಯ ಕಹಳೆಗಳಲ್ಲಿ ಗಮಕಕ್ಕೆ ಎಡೆ ಕಡಮೆ. ರಾಗದ ಜೀವವೇ ಗಮಕವಾಗಿರಲು, ಆ ಕೊರತೆಯನ್ನು ತುಂಬುವ ಹೊಣೆಯು ಸಾಹಿತ್ಯದ ಮೇಲೆ ಬೀಳುವುದು. ಇಲ್ಲಿ ಮಕಾರದ ದ್ವಿತೀಯಾಕ್ಷರಪ್ರಾಸವು ಪಾದಾದಿಯಲ್ಲಿ ಮಾತ್ರವಲ್ಲದೆ ಪಾದದೊಳಗೂ ಮರಮರಳಿ ಬರುವುದನ್ನು ಕೆಲವರು ಶಬ್ದಾಡಂಬರವೆಂದಾರು. ಒಬ್ಬರೇ ಕುಳಿತು ಓದಿದರೆ ಆ ಮಾತು ನಿಜವೇ. ಬ್ಯಾಂಡಿನೊಡನೆ ಹಲವರು ಕೂಡಿ ಹಾಡುವಾಗಲಾದರೋ ಆ ಪ್ರಾಸವೇ ತಾಳದ ಪೆಟ್ಟನ್ನು ಕಿವಿಗೆ ತೋರಿಸಿಕೊಡುವುದು. ಇದಕ್ಕಾಗಿ ಕವಿಯು ತೆತ್ತುದೂ ಅಲ್ಪವಲ್ಲ: ಸಂಸ್ಕೃತ ಸಮಾಸಗಳ ನಡುವೆ ಅಚ್ಚಗನ್ನಡದ ಮಾತು ಅಡಗಿಹೋಗಿದೆ.