ಒಳದನಿಯನ್ನು ಒರೆಗೆ ಹಚ್ಚಿದವರು

ಸೊಲೊಮೋನನು ದೇವರಲ್ಲಿ ಬೇಡಿದ್ದು ದೀರ್ಘಾಯುಷ್ಯವನ್ನಲ್ಲ, ಐಶ್ವರ್ಯವನ್ನೂ ಅಲ್ಲ. ಜನರ ನ್ಯಾಯ ತೀರಿಸುವಾಗ ಒಳಿತು ಯಾವುದು, ಕೆಡುಕು ಯಾವುದು ಎಂದು ಬೇರ್ಪಡಿಸಿ ನೋಡಬಲ್ಲ ಮನಸ್ಸನ್ನು ಬೇಡಿದ. ಹಾಗೆ ಬೇಡಿ ಪಡೆದವನೇ ಮುಪ್ಪಿನಲ್ಲಿ ದಾರಿ ತಪ್ಪಿದ ಎಂಬುದನ್ನೂ ಅರಸುಗಳ ಗ್ರಂಥ ಮುಚ್ಚಿಡುವುದಿಲ್ಲ. ಜ್ಞಾನ ದೇವರ ವರವೇ ಆಗಿದ್ದರೆ, ಪಡೆದವನು ಅದರಲ್ಲಿ ಬೆಳೆಯುವುದು ಹೇಗೆ? ಬೆಳೆದ ಮೇಲೂ ಎಡವದೆ ಉಳಿಯುವುದು ಹೇಗೆ? ಕ್ರೈಸ್ತ ಅಧ್ಯಾತ್ಮ ಈ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಂದ ಬಿಟ್ಟಿಲ್ಲ.

ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ಸಿಗುವ ಉತ್ತರ ಒಂದೇ ಅಲ್ಲ. ಬಾಲಕ ಯೇಸುವೇ ಜ್ಞಾನದಲ್ಲಿ ಬೆಳೆಯುತ್ತ ಬಂದನೆಂದು ಲೂಕ ಬರೆಯುತ್ತಾನೆ. ಕೊರತೆಯುಳ್ಳವನು ದೇವರನ್ನು ಕೇಳಲಿ, ಹಂಗಿಸದೆ ಕೊಡುತ್ತಾನೆ ಎನ್ನುವುದು ಯಾಕೋಬನ ಧೈರ್ಯ. ಹಿಬ್ರಿಯರಿಗೆ ಬರೆದ ಪತ್ರ ಮಾತ್ರ ಅಭ್ಯಾಸಕ್ಕೆ ಒತ್ತು ಕೊಡುತ್ತದೆ: ಪಳಗಿದವರಿಗಷ್ಟೇ ಒಳ್ಳೆಯದು ಕೆಟ್ಟದ್ದರ ಭೇದ ತಿಳಿಯುತ್ತದೆ. ಎಲ್ಲ ಆತ್ಮಗಳನ್ನೂ ನಂಬಬೇಡಿ, ಪರೀಕ್ಷಿಸಿ ಎಂದು ಯೋವಾನ್ನನ ಮೊದಲ ಪತ್ರ ಎಚ್ಚರಿಸುತ್ತದೆ. ಆ ಪರೀಕ್ಷೆಯ ಕ್ರಮವನ್ನು ಮುಂದಿನ ತಲೆಮಾರುಗಳೇ ಕಂಡುಕೊಳ್ಳಬೇಕಾಯಿತು.

ಆ ಕೆಲಸ ಗಂಭೀರವಾಗಿ ಶುರುವಾದದ್ದು ಈಜಿಪ್ಟಿನ ಮರಳುಗಾಡಿನಲ್ಲಿ. ಸಂತ ಅಂತೋಣಿ 356ರಲ್ಲಿ ತೀರಿಕೊಂಡಾಗ ಅಲ್ಲಿ ವಿರಕ್ತರ ದೊಡ್ಡ ಸಮುದಾಯಗಳೇ ಬೆಳೆದಿದ್ದವು. ಒಂಟಿತನದಲ್ಲಿ ಮನಸ್ಸಿಗೆ ಯಾವ ಯೋಚನೆ ಯಾವ ವೇಷ ಹಾಕಿಕೊಂಡು ಬರುತ್ತದೆಂದು ಇವಾಗ್ರಿಯಸ್ ಎಂಬ ವಿರಕ್ತ ನೋಡಿ ನೋಡಿ, ಹೊಟ್ಟೆಬಾಕತನದಿಂದ ಅಹಂಕಾರದವರೆಗೆ ಎಂಟು ಬಗೆಯಾಗಿ ವಿಂಗಡಿಸಿದ. ಅವನಿಂದ ಕಲಿತದ್ದನ್ನು ಯೂರೋಪಿಗೆ ಒಯ್ದವನು ಜಾನ್ ಕ್ಯಾಸಿಯನ್. ಅವನ ‘ಸಂವಾದಗಳು’ ಗ್ರಂಥದಲ್ಲಿ ಹೀರೋ ಎಂಬ ವೃದ್ಧನ ಕಥೆ ಬರುತ್ತದೆ. ಐವತ್ತು ವರ್ಷ ಮರಳುಗಾಡಿನಲ್ಲಿ ತಪಸ್ಸು ಮಾಡಿದವನು ಅವನು. ಪಾಸ್ಖ ಹಬ್ಬದ ದಿನವೂ ಉಳಿದವರೊಡನೆ ಕೂತು ಉಣ್ಣಲು ಒಪ್ಪುತ್ತಿರಲಿಲ್ಲ. ನಾಲ್ಕು ಕಾಳು ಬೇಳೆ ತಿಂದರೆ ನೇಮ ಸಡಿಲಾದೀತೆಂಬ ಭಯ. ಕೊನೆಗೆ ದೇವದೂತನ ವೇಷದಲ್ಲಿ ಬಂದವನ ಮಾತು ನಂಬಿ, ತನ್ನ ಪುಣ್ಯ ತನ್ನನ್ನು ಕಾಯುತ್ತದೆಂದು ತೋರಿಸಲು ಆಳವಾದ ಬಾವಿಗೆ ಹಾರಿದ. ಸೋದರರು ಅರೆಜೀವವಾಗಿದ್ದವನನ್ನು ಮೇಲೆತ್ತಿದರು. ಮೂರನೆಯ ದಿನ ಪ್ರಾಣ ಹೋಯಿತು. ಮೋಸಹೋದೆನೆಂದು ಅವನು ಕಡೆಗೂ ಒಪ್ಪಲಿಲ್ಲ.

ಹೀರೋಗೆ ಭಕ್ತಿಯೂ ಇತ್ತು, ಶಿಸ್ತೂ ಇತ್ತು. ತನ್ನ ಯೋಚನೆಯನ್ನು ಇನ್ನೊಬ್ಬರ ಮುಂದೆ ಬಿಚ್ಚಿಟ್ಟು ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ. ಮನಸ್ಸಿನಲ್ಲಿ ಹುಟ್ಟಿದ್ದನ್ನು ಹಿರಿಯರಿಗೆ ಅರಿಕೆ ಮಾಡುವವನು ಕೆಡುವುದಿಲ್ಲ ಎಂಬುದು ಕ್ಯಾಸಿಯನ್ನನ ನಿಲುವು. ಈ ಪರಂಪರೆಯ ಇಡೀ ಚರಿತ್ರೆಗೆ ಈ ಮಾತೇ ಬೆನ್ನೆಲುಬು ಎಂದು ನನಗನ್ನಿಸುತ್ತದೆ. ಆರನೆಯ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠಗಳಿಗೆ ನಿಯಮ ಬರೆದಾಗ ಒಂದು ಹೆಜ್ಜೆ ಮುಂದೆ ಹೋದ. ಮುಖ್ಯ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಕಿರಿಯರಿಗೂ ದೇವರು ಉತ್ತಮವಾದುದನ್ನು ತೋರಿಸುವುದುಂಟು ಎಂದು ಮೂರನೆಯ ಅಧ್ಯಾಯದಲ್ಲೇ ಬರೆದಿಟ್ಟ. ಹಿರಿಯನೂ ಕೇಳಿಸಿಕೊಳ್ಳಬೇಕಾದವನೇ ಎಂದಾಯಿತು.

ಮಧ್ಯಯುಗ ಈ ಅನುಭವಕ್ಕೆ ಕ್ರಮವನ್ನು, ಶಾಸ್ತ್ರವನ್ನು ಒದಗಿಸಿತು. ಹನ್ನೆರಡನೆಯ ಶತಮಾನದ ಎರಡನೆಯ ಗ್ವಿಗೊ ಎಂಬ ಸನ್ಯಾಸಿ ಓದು, ಮನನ, ಪ್ರಾರ್ಥನೆ, ಧ್ಯಾನಗಳನ್ನು ಏಣಿಯ ನಾಲ್ಕು ಮೆಟ್ಟಿಲುಗಳೆಂದ. ವಿವೇಕದ ವರ ಪ್ರೀತಿಯನ್ನು ಬಿಟ್ಟು ನಿಲ್ಲದು ಎಂದು ಥಾಮಸ್ ಅಕ್ವಿನಾಸ್ ವಾದಿಸಿದ. ನನಗೆ ಇವರಿಗಿಂತ ಹತ್ತಿರದವಳು ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್. 1373ರ ಮೇ ತಿಂಗಳಲ್ಲಿ, ಮೂವತ್ತರ ಪ್ರಾಯದಲ್ಲಿ, ಸಾವಿನ ಹಾಸಿಗೆಯ ಮೇಲಿದ್ದಾಗ ಅವಳಿಗೆ ದರ್ಶನಗಳಾದವು. ಅವುಗಳ ಅರ್ಥಕ್ಕಾಗಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಮನನ ಮಾಡಿ ದೊಡ್ಡ ಕೃತಿಯನ್ನು ಬರೆದಳು. ಇವತ್ತು ಕಂಡದ್ದನ್ನು ಇವತ್ತೇ ಸಾರಿಬಿಡುವ ಕಾಲದಲ್ಲಿ ಅವಳ ತಾಳ್ಮೆ ದೊಡ್ಡ ಪಾಠ.

1521ರ ಮೇ 20ರಂದು ಸ್ಪೇನಿನ ಪಾಂಪ್ಲೋನ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಲೊಯೋಲದ ಸೈನಿಕ ಇಗ್ನೇಷಿಯಸ್‌ನ ಕಾಲು ಮುರಿಯಿತು. ಮನೆಯಲ್ಲಿ ಮಲಗಿದ್ದವನು ಶೂರರ ಪ್ರಣಯಕಥೆಗಳನ್ನು ಕೇಳಿದರೆ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಓದುತ್ತ ಓದುತ್ತ ಒಂದು ಸಂಗತಿ ಗಮನಕ್ಕೆ ಬಂತು. ರಾಜಮನೆತನದ ಹೆಣ್ಣಿನ ಮೆಚ್ಚುಗೆ ಗಳಿಸುವ ಸಾಹಸಗಳನ್ನು ಕಲ್ಪಿಸಿಕೊಳ್ಳುವಾಗ ಮನಸ್ಸು ಕುಣಿಯುತ್ತಿತ್ತು, ಆಮೇಲೆ ಬರಡಾಗುತ್ತಿತ್ತು. ಸಂತರ ಹಾಗೆ ಬಾಳಬೇಕೆಂದು ಯೋಚಿಸಿದಾಗಲೂ ಸಂತೋಷವೇ, ಆದರೆ ಅದು ಆಮೇಲೂ ಉಳಿಯುತ್ತಿತ್ತು. ಯೋಚನೆ ಬಂದ ಗಳಿಗೆಯ ರುಚಿಯನ್ನಲ್ಲ, ಅದು ಬಿಟ್ಟುಹೋಗುವ ರುಚಿಯನ್ನು ನೋಡಬೇಕೆಂದು ಅವನು ಕಲಿತದ್ದು ಹೀಗೆ. ಮನ್ರೇಸ ಪಟ್ಟಣದಲ್ಲಿ ಬೆಳೆದು 1548ರಲ್ಲಿ ಪೋಪರ ಒಪ್ಪಿಗೆ ಪಡೆದ ‘ಆಧ್ಯಾತ್ಮಿಕ ಸಾಧನೆಗಳು’ ಈ ಕಲಿಕೆಯನ್ನು ನಾಲ್ಕು ವಾರಗಳ ಧ್ಯಾನಕ್ರಮವಾಗಿಸಿತು. ಮನಸ್ಸು ಒಣಗಿ ದೇವರು ದೂರವೆನಿಸಿದ ಹೊತ್ತಿನಲ್ಲಿ ಹಿಂದೆ ಮಾಡಿದ ತೀರ್ಮಾನವನ್ನು ಬದಲಿಸಬಾರದು ಎಂಬ ಅದರ ಸೂತ್ರ ಎಷ್ಟೋ ಜನರನ್ನು ಕಾಪಾಡಿದೆ. ಇದೇ ಹೊತ್ತಿನ ಆವಿಲದ ತೆರೇಸಳು 1577ರಲ್ಲಿ ಆತ್ಮವನ್ನು ಏಳು ನಿವಾಸಗಳ ಕೋಟೆಯಾಗಿ ಕಂಡು ಬರೆದಳು. ಎಷ್ಟು ಒಳಗೆ ಹೋದರೂ ತನ್ನನ್ನು ತಾನು ಅರಿಯುವ ಕೋಣೆಯನ್ನು ಬಿಡಬಾರದೆಂದಳು. ಬರಿಯ ಭಕ್ತನಾದ ಗುರುವಿಗಿಂತ ಓದಿಕೊಂಡ ಗುರು ಮೇಲೆಂದೂ ನಂಬಿದ್ದಳು.

ಮಠಗಳನ್ನು ತೊರೆದ ಪ್ರೊಟೆಸ್ಟೆಂಟರು ಈ ಅಭ್ಯಾಸವನ್ನು ಮನೆಯಲ್ಲೇ ಕಟ್ಟಿಕೊಳ್ಳಬೇಕಾಯಿತು. ಪ್ರಾರ್ಥನೆ, ಮನನ, ಶೋಧನೆ ಈ ಮೂರೂ ಸೇರಿ ಮನುಷ್ಯನನ್ನು ದೇವಜ್ಞಾನಿಯಾಗಿಸುತ್ತವೆ ಎಂದು ಲೂಥರ್ 1539ರಲ್ಲಿ ಬರೆದ. ಕಷ್ಟವನ್ನೇ ಪಾಠಶಾಲೆಯೆಂದದ್ದು ಅವನ ವಿಶೇಷ. 1670ರಲ್ಲಿ ಫ್ರಾಂಕ್‌ಫರ್ಟಿನ ಪಾದ್ರಿ ಸ್ಪೀನರ್ ಸಾಮಾನ್ಯ ವಿಶ್ವಾಸಿಗಳನ್ನು ಮನೆಯಲ್ಲಿ ಸೇರಿಸಿ ವಾಕ್ಯ ಓದಿ ಮಾತಾಡಿಸತೊಡಗಿದ. ಅಲ್ಲಿಂದ ಹಬ್ಬಿದ ಭಕ್ತಿಚಳವಳಿ ಜರ್ಮನಿಯ ವ್ಯುರ್ಟೆಂಬರ್ಗಿನಲ್ಲಿ ಬೇರೂರಿ, ಬಾಸೆಲ್ ಮಿಷನ್ನಿನ ಮೂಲಕ 1834ರಲ್ಲಿ ಮಂಗಳೂರು ಮುಟ್ಟಿತು. ಎರಡು ವರ್ಷಗಳ ಬಳಿಕ ಬಂದ ಹೆರ್ಮನ್ ಮೊಗ್ಲಿಂಗ್ ಕೂಡ ಅದೇ ವಾತಾವರಣದಲ್ಲಿ ಬೆಳೆದವನು. ಅವನು ‘ಬಿಬ್ಲಿಯೋತಿಕಾ ಕರ್ನಾಟಿಕ’ ಮಾಲೆಯಲ್ಲಿ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದ. ಮತಪ್ರಚಾರಕ್ಕೆಂದು ಬಂದವನು ಈ ನೆಲದ ಭಕ್ತರ ಮಾತಿಗೆ ಕಿವಿಗೊಟ್ಟನೆಂಬುದು ಕನ್ನಡಿಗರಿಗೆ ಸಣ್ಣ ಸಂಗತಿಯಲ್ಲ.

ಇದಕ್ಕೂ ಮೊದಲೇ, ಹದಿನೆಂಟನೆಯ ಶತಮಾನದಲ್ಲಿ, ಇಂಥ ಭಕ್ತಿಯ ಭಾವೋದ್ವೇಗದ ಅಪಾಯವನ್ನು ತೂಗಿ ನೋಡಿದವನು ಅಮೆರಿಕದ ಜೊನಾಥನ್ ಎಡ್ವರ್ಡ್ಸ್. ತನ್ನ ಕಣ್ಣೆದುರೇ ಎದ್ದ ಉಜ್ಜೀವನದಲ್ಲಿ ಅತ್ತವರು, ಕೂಗಿದವರು, ಮೂರ್ಛೆಹೋದವರು ಇದ್ದರು. ಇದರಲ್ಲಿ ನಿಜವೆಷ್ಟು ಎಂದು ಕೇಳಿಕೊಂಡು 1746ರ ಗ್ರಂಥದಲ್ಲಿ ಹನ್ನೆರಡು ಲಕ್ಷಣಗಳನ್ನು ವಿವರಿಸಿದ. ಕೂಗಿದ ಮಾತ್ರಕ್ಕೆ ಭಕ್ತಿ ನಿಜವೂ ಆಗದು, ಸುಳ್ಳೂ ಆಗದು. ಕಡೆಗೆ ನಡತೆಯೇ ಸಾಕ್ಷಿ ಎಂದ. ಇಂದಿನ ಆರಾಧನಾ ಕೂಟಗಳನ್ನು ಮೆಚ್ಚುವವರೂ ಟೀಕಿಸುವವರೂ ಒಟ್ಟಿಗೆ ಓದಬೇಕಾದ ಪುಸ್ತಕವದು.

ಇಪ್ಪತ್ತನೆಯ ಶತಮಾನದ ಭಾರತದಲ್ಲಿ ಹುಡುಕಾಟ ಬೇರೊಂದು ತಿರುವು ಪಡೆಯಿತು. 1950ರಲ್ಲಿ ತಮಿಳುನಾಡಿನಲ್ಲಿ ಶಾಂತಿವನಂ ಎಂಬ ಕ್ರೈಸ್ತ ಆಶ್ರಮ ಹುಟ್ಟಿತು. ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದ ಡಿ. ಎಸ್. ಅಮಲೋರ್ಪವದಾಸ್ ಬಳಿಕ ಮೈಸೂರಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದರು. ಇಗ್ನೇಷಿಯಸ್ ಕಟ್ಟಿದ ಜೆಸ್ವಿಟ್ ಸಂಘದ ಗುರು ಆಂಟನಿ ಡಿ ಮೆಲ್ಲೊ ಉಸಿರು, ಮೌನ, ದೇಹಪ್ರಜ್ಞೆಗಳನ್ನು ಇಗ್ನೇಷಿಯಸ್‌ನ ಸಾಧನೆಯ ಜತೆ ಹೆಣೆದರು. ಅವರ ಮರಣಾನಂತರ, 1998ರಲ್ಲಿ, ಅವರ ಬರಹಗಳ ಬಗ್ಗೆ ವ್ಯಾಟಿಕನ್ ಎಚ್ಚರಿಕೆ ಹೊರಡಿಸಿತು. ಆ ಚರ್ಚೆ ಇನ್ನೂ ಮುಗಿದಿಲ್ಲ. ಮುಗಿಸುವ ಆತುರವೂ ಬೇಡವೆಂಬುದು ನನ್ನ ಅಭಿಪ್ರಾಯ.

ಇತ್ತೀಚಿನ ಬೆಳವಣಿಗೆ ಬೆನೆಡಿಕ್ಟನ ಮೂರನೆಯ ಅಧ್ಯಾಯವನ್ನು ನೆನಪಿಸುತ್ತದೆ. 2023ರ ಅಕ್ಟೋಬರಿನಲ್ಲಿ ರೋಮಿನಲ್ಲಿ ನಡೆದ ಕಥೋಲಿಕ ಧರ್ಮಸಭೆಯ ಸಿನೊಡ್‌ನಲ್ಲಿ ಬಿಷಪರು, ಸನ್ಯಾಸಿನಿಯರು, ಗೃಹಸ್ಥರು ದುಂಡು ಮೇಜುಗಳ ಸುತ್ತ ಕೂತರು. ಮೊದಲು ಪ್ರತಿಯೊಬ್ಬರೂ ಮಾತಾಡಬೇಕು, ನಂತರ ಮೌನ. ಎರಡನೆಯ ಸುತ್ತಿನಲ್ಲಿ ತನ್ನ ವಾದವನ್ನಲ್ಲ, ಬೇರೆಯವರ ಮಾತಿನಲ್ಲಿ ತನ್ನನ್ನು ತಟ್ಟಿದ್ದನ್ನು ಹೇಳಬೇಕು. ಇತ್ತ, ಕೆಲಸ ಬಿಟ್ಟು ಮೂವತ್ತು ದಿನ ಬರಲಾಗದವರಿಗೆಂದು ಇಗ್ನೇಷಿಯಸ್ ತನ್ನ ಪುಸ್ತಕದ ಹತ್ತೊಂಬತ್ತನೆಯ ಟಿಪ್ಪಣಿಯಲ್ಲಿ ಬರೆದಿಟ್ಟ ಕ್ರಮವೂ ಮತ್ತೆ ಬಳಕೆಗೆ ಬಂದಿದೆ. ದಿನಕ್ಕೊಂದು ಗಂಟೆ ಅಥವಾ ಒಂದೂವರೆ ಗಂಟೆ ಪ್ರಾರ್ಥನೆ, ಆಗಾಗ ಮಾರ್ಗದರ್ಶಕರೊಡನೆ ಮಾತು, ಹೀಗೆ ತಿಂಗಳುಗಟ್ಟಲೆ. ಮಾರ್ಗದರ್ಶಕರ ಸ್ಥಾನದಲ್ಲಿ ಈಗ ಗುರುಗಳಷ್ಟೇ ಅಲ್ಲ, ಸನ್ಯಾಸಿನಿಯರೂ ಸಂಸಾರಸ್ಥರೂ ಕೂರುತ್ತಿದ್ದಾರೆ.