ಬೀದರ್ ಸೀಮೆಯ ಕಾಲ-ಹವೆಯ ಮಾತುಗಳು

ಬೀದರ್ ನಗರ, ಭಾಲ್ಕಿ, ಔರಾದ್ ಕಡೆಯ ಕನ್ನಡದಲ್ಲಿ ಹೊತ್ತು, ಋತು, ಮಳೆ, ಬಿಸಿಲುಗಳನ್ನು ಹೇಳುವ ನಿತ್ಯದ ಮಾತುಗಳು ಕನ್ನಡ, ಮರಾಠಿ, ದಖನಿ ಉರ್ದುಗಳ ಒಡನಾಟದಲ್ಲಿ ಬೆಳೆದವು. ನಸುಕು, ಮುಂಜಾನಿ, ಸಂಜಿ, ಮಳಿ, ಝಳ ಎನ್ನುವ ಬಾಯಲ್ಲೇ ಹವಾ, ಥಂಡಿ, ತಾರೀಖು, ಐತಾರ ಕೂಡ ಬರುತ್ತವೆ. ಇದನ್ನು ಬೆರಕೆ ನುಡಿ ಎಂದು ಕೈಬಿಡುವುದು ಸರಿಯಲ್ಲ. ಯಾವ ಮಾತು ಯಾವ ಕೆಲಸಕ್ಕೆ ಒದಗುತ್ತದೆ ಎಂದು ನೋಡಿದರೆ ಕಾಲಗಣನೆಯ ಹಂಚಿಕೆಯೊಂದು ಕಾಣುತ್ತದೆ: ಬಿತ್ತನೆಗೆ ಮಳೆನಕ್ಷತ್ರ, ಹಬ್ಬಕ್ಕೆ ಚಾಂದ್ರಮಾಸ, ಕಚೇರಿಗೆ ಸರಕಾರದ ವರ್ಷ.

ಒಕ್ಕಲಿಗರ ಲೆಕ್ಕ ಸೂರ್ಯನದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಮೇ ಕೊನೆಗೆ ರೋಹಿಣಿ, ಜೂನ್ 7-8ರ ಸುಮಾರಿಗೆ ಮಿರಗ ಅಂದರೆ ಮೃಗಶಿರಾ, 21-22ರ ಸುಮಾರಿಗೆ ಆರಿದ್ರಾ. ‘ಮಿರಗ ಕೂಡಿತು’ ಎಂದರೆ ಉದ್ದು, ಹೆಸರು, ತೊಗರಿಯ ಬಿತ್ತನೆಗೆ ಹೊಲ ಸಜ್ಜಾಗಬೇಕು ಎಂದೇ ಅರ್ಥ. ಗಡಿಯಾಚೆಯ ಉದಗೀರ, ದೇಗಲೂರಿನ ಮರಾಠಿ ರೈತರಿಗೂ ಮಿರಗವೇ ಗುರುತು. ಚಾಂದ್ರವರ್ಷಕ್ಕೆ ಸುಮಾರು 354 ದಿನ; ಅದು ಹಿಂದೆ ಸರಿಯುತ್ತಾ ಹೋಗಿ, ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿದಾಗ ಸರಿಹೋಗುತ್ತದೆ. ಯುಗಾದಿಯ ತಾರೀಖು ಪ್ರತಿವರ್ಷ ಬದಲಾಗುವುದು ಇದರಿಂದಲೇ. ಹಬ್ಬಕ್ಕೆ ಇದು ಒಗ್ಗುತ್ತದೆ, ಬಿತ್ತನೆಗೆ ಒಗ್ಗುವುದಿಲ್ಲ.

ಕಂದಾಯಕ್ಕೂ ಇದೇ ತೊಡಕಿತ್ತು. ಹಿಜರಿ ವರ್ಷ ಪೂರ್ತಿ ಚಾಂದ್ರಮಾನದ್ದಾದ್ದರಿಂದ ಸುಗ್ಗಿಗೆ ಹೊಂದುತ್ತಿರಲಿಲ್ಲ. ಹೀಗಾಗಿ ಮೊಘಲರ ಕಾಲದಲ್ಲಿ ಬೆಳೆಗೆ ಹೊಂದುವ ಫಸಲಿ ವರ್ಷ ಬಳಕೆಗೆ ಬಂತು. 1948ರವರೆಗೆ ಬೀದರ್ ಇದ್ದ ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಅದೇ ನಡೆಯಿತು. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಅದರ ತಿಂಗಳುಗಳಿಗೆ ಬಹಮನ್, ತೀರ್, ಮೆಹರ್ ಎಂಬ ಪಾರಸಿ ಹೆಸರುಗಳು. ಇಂದಿಗೂ ಕಚೇರಿಯಲ್ಲಿ ಉಳಿದಿರುವ ಖರೀಫ್, ರಬಿ ಎಂಬ ಅರಬ್ಬಿ ಮಾತುಗಳು ಶರತ್ತು, ವಸಂತಗಳನ್ನು, ಅಂದರೆ ಬೆಳೆ ಕೈಗೆ ಬರುವ ಕಾಲವನ್ನು ಹೇಳುತ್ತವೆ. ಮುಂಗಾರಿ, ಹಿಂಗಾರಿ ಹೇಳುವುದು ಮಳೆ ಬರುವ ಕಾಲವನ್ನು. ತೆರಿಗೆ ಎತ್ತುವವರ ಕಣ್ಣು ರಾಶಿಯ ಮೇಲೆ, ಬಿತ್ತುವವರ ಕಣ್ಣು ಮೋಡದ ಮೇಲೆ.

ಹೊರಗಿನ ಮಾತುಗಳಿಂದ ಕನ್ನಡ ಕೆಟ್ಟಿತು ಎಂಬ ಆಕ್ಷೇಪ ನಿಲ್ಲುವುದಿಲ್ಲ. ‘ಥಂಡಿ ಭಾಳ ಅದ’ ಎಂಬಲ್ಲಿ ಹೆಸರು ಮಾತ್ರ ಎರವಲು, ವಾಕ್ಯದ ಕಟ್ಟು ಕನ್ನಡದ್ದೇ. ಹವಾಮಾನ ಇಲಾಖೆಯ ಮುನ್ಸೂಚನೆ ಇರುವಾಗ ನಕ್ಷತ್ರವೇಕೆ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಮಿರಗ ಬಂದ ಮಾತ್ರಕ್ಕೆ ಮಳೆ ಬರಲೇಬೇಕೆಂದಿಲ್ಲ. ಪಂಚಾಂಗ ಒಂದೊಂದು ಮಳೆನಕ್ಷತ್ರಕ್ಕೂ ವಾಹನವೆಂದು ಹೇಳುವ ಪ್ರಾಣಿ ಮಳೆಯ ಅಳತೆಯೂ ಅಲ್ಲ. ಆದರೆ ಮುನ್ಸೂಚನೆ ಮಳೆಯ ಸಂಭವವನ್ನು ಹೇಳುತ್ತದೆ, ನಕ್ಷತ್ರ ಬಿತ್ತನೆಯ ಅವಧಿಯನ್ನು ಗುರುತಿಸುತ್ತದೆ. ಮಳೆ ತಡವಾದಾಗ ಉದ್ದು, ಹೆಸರು ಬಿಟ್ಟು ಬೇರೆ ಬೆಳೆಗೆ ಹೋಗಬೇಕೇ ಎಂದು ತೀರ್ಮಾನಿಸಲು ಎರಡೂ ಬೇಕು. ಆದ್ದರಿಂದ ಈ ಸೀಮೆಯ ನಿಘಂಟು ಮಾಡುವವರು ಪದದ ಮೂಲಭಾಷೆಯನ್ನಷ್ಟೇ ಬರೆದರೆ ಸಾಲದು. ಅದನ್ನು ಯಾರು, ಯಾವ ತಿಂಗಳಲ್ಲಿ, ಯಾವ ಕೆಲಸಕ್ಕೆ ಆಡುತ್ತಾರೆ ಎಂಬುದನ್ನೂ ದಾಖಲಿಸಬೇಕು.